ಮೈಸೂರು–ಮಂಡ್ಯದಿಂದ ಚಿಕ್ಕಬೆಟ್ಟಕ್ಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಡೆಯವರು ಶ್ರವಣಬೆಳಗೊಳಕ್ಕೆ ಹೋಗುವುದು ಹೆಚ್ಚಾಗಿ ಗೊಮ್ಮಟನನ್ನು ನೋಡಲು. ದೊಡ್ಡಬೆಟ್ಟ ಹತ್ತಿ, ಕೈಮುಗಿದು, ಫೋಟೋ ತೆಗೆದು ಇಳಿಯುತ್ತಾರೆ. ಆಮೇಲೆ ಕಾಲು ನೋವು ಅಂತ ಎದುರಿನ ಬೆಟ್ಟಕ್ಕೆ ಅಲ್ಲಿಂದಲೇ ನಮಸ್ಕಾರ ಹೇಳಿ ಗಾಡಿ ಹತ್ತುತ್ತಾರೆ. ಊರಿನ ಹಳೇ ಕಥೆಯೆಲ್ಲ ಇರುವುದು ಆ ಎದುರಿನ ಬೆಟ್ಟದಲ್ಲೇ. ಅದರ ಬಗ್ಗೆ ಮೈಸೂರು, ಮಂಡ್ಯದ ಗೆಳೆಯರು ಕೇಳುತ್ತಲೇ ಇರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಚಿಕ್ಕಬೆಟ್ಟ ಅಂದ್ರೆ ಯಾವುದು?

ಊರಿನ ಕಲ್ಯಾಣಿಯ ಒಂದು ಕಡೆ ಗೊಮ್ಮಟ ಇರುವ ದೊಡ್ಡಬೆಟ್ಟ, ಇನ್ನೊಂದು ಕಡೆ ಚಿಕ್ಕಬೆಟ್ಟ. ಬೋರ್ಡುಗಳಲ್ಲಿ ವಿಂಧ್ಯಗಿರಿ, ಚಂದ್ರಗಿರಿ ಅಂತ ಇರುತ್ತದೆ. ಹಳೇ ಶಾಸನಗಳಲ್ಲಿ ಚಿಕ್ಕಬೆಟ್ಟದ ಹೆಸರು ಕಟವಪ್ರ, ಕಳ್ಬಪ್ಪು. ಗೊಮ್ಮಟನನ್ನು ಚಾವುಂಡರಾಯ ಮಾಡಿಸಿದ್ದು 981ರ ಸುಮಾರಿಗೆ. ಚಿಕ್ಕಬೆಟ್ಟದ ಅತಿ ಹಳೆಯ ಶಾಸನ ಸುಮಾರು ಕ್ರಿ.ಶ. 600ರದ್ದು. ಅಂದರೆ ಗೊಮ್ಮಟ ಬರುವ ಹೊತ್ತಿಗೆ ಈ ಬೆಟ್ಟಕ್ಕೆ ನಾನೂರು ವರ್ಷದ ಹೆಸರಿತ್ತು.

ಅಲ್ಲಿ ನೋಡೋಕೆ ಏನಿದೆ?

ಗೋಡೆ ಸುತ್ತಿದ ದೊಡ್ಡ ಆವರಣದೊಳಗೆ ಹತ್ತಕ್ಕೂ ಹೆಚ್ಚು ಬಸದಿಗಳಿವೆ. ಮಂಟಪಗಳು, ಕಂಬಗಳು, ಬಂಡೆಯ ಕುಳಿಯಲ್ಲಿ ನೀರು ನಿಲ್ಲುವ ದೊಣೆಗಳು, ಭದ್ರಬಾಹು ಗುಹೆ, ಅರ್ಧಕ್ಕೇ ನಿಂತುಹೋದ ಒಂದು ಭರತನ ಮೂರ್ತಿ ಇವೆ. ಆದರೆ ಇವೆಲ್ಲಕ್ಕಿಂತ ಮೊದಲು ನೋಡಬೇಕಾದ್ದು ನಿಮ್ಮ ಕಾಲ ಕೆಳಗಿದೆ. ಬಂಡೆಯ ಮೇಲೆಲ್ಲ ಬರಹ. ಶ್ರವಣಬೆಳಗೊಳ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಸಿಕ್ಕಿ ಅಚ್ಚಾದ ಶಾಸನಗಳು 573. ಅದರಲ್ಲಿ 271 ಈ ಒಂದು ಚಿಕ್ಕಬೆಟ್ಟದ್ದೇ. ದೊಡ್ಡಬೆಟ್ಟದಲ್ಲಿ ಇರುವುದು 172.

ಜನ ಬಸದಿಯ ಗೋಪುರ ನೋಡುತ್ತಾ, ಮೊಬೈಲ್ ಮೇಲೆತ್ತಿಕೊಂಡು ಈ ಬರಹಗಳ ಪಕ್ಕದಲ್ಲೇ ದಾಟಿಹೋಗುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಬಂಡೆ ಮೇಲೆ ಅಷ್ಟೊಂದು ಬರೆದಿರೋದು ಏನು?

ಹೆಚ್ಚಿನವು ಸಾವಿನ ಸುದ್ದಿ. 7, 8ನೇ ಶತಮಾನದಲ್ಲಿ ಇಲ್ಲಿಗೆ ಬಂದು, ಊಟ ಬಿಟ್ಟು, ಧ್ಯಾನ ಮಾಡುತ್ತಾ ಪ್ರಾಣ ಬಿಟ್ಟ ಮುನಿಗಳ ಹೆಸರು, ಕಂತಿಯರ (ಜೈನ ಸನ್ಯಾಸಿನಿಯರ) ಹೆಸರು, ಅವರ ಗುರುಗಳ ಹೆಸರು. ಕೆಲವು ಎರಡೇ ಸಾಲು. ಇಂಥವರು ವ್ರತ ಹಿಡಿದು ತೀರಿಕೊಂಡರು, ಅಷ್ಟೇ. ಕೆಲವು ಮಾತ್ರ ಪದ್ಯವಾಗಿವೆ.

ನಂದಿಸೇನ ಮುನಿಯ ಶಾಸನ ಅಂಥದ್ದು. ಕನ್ನಡ ಎಂ.ಎ. ಮಾಡಿದವರಿಗೆ ಇದು ಬಾಯಿಪಾಠವೇ ಇರುತ್ತದೆ. "ಸುರಚಾಪಂಬೋಲೆ ವಿದ್ಯುಲ್ಲತೆಗಳ ತೆಱವೋಲ್ ಮಂಜುವೋಲ್" ಅಂತ ಶುರುವಾಗುತ್ತದೆ. ಕಾಮನಬಿಲ್ಲಿನ ಹಾಗೆ, ಮಿಂಚಿನ ಹಾಗೆ, ಮಂಜಿನ ಹಾಗೆ ರೂಪ, ಹಣ, ವೈಭವ ಎಲ್ಲ ಕಂಡು ಮಾಯವಾಗುತ್ತವೆ, ಯಾರಿಗೂ ನಿಲ್ಲುವುದಿಲ್ಲ. ಇನ್ನು ನಾನು ಈ ಭೂಮಿಯಲ್ಲಿ ಇರುವುದಿಲ್ಲ ಅಂತ ಆ ಮುನಿ ಸನ್ಯಾಸ ತೆಗೆದುಕೊಂಡ ಎನ್ನುತ್ತದೆ ಶಾಸನ. ಕವಿರಾಜಮಾರ್ಗಕ್ಕಿಂತ ನೂರಕ್ಕೂ ಹೆಚ್ಚು ವರ್ಷ ಹಿಂದಿನ ಕನ್ನಡ ಇದು. ಯಾವ ರಾಜನೂ ಬರೆಸಿದ್ದಲ್ಲ, ದಾನದತ್ತಿ ಲೆಕ್ಕವೂ ಇಲ್ಲ. ಸಾಯುವವನ ಮನಸ್ಸಿನಲ್ಲಿ ಏನಿತ್ತು ಅನ್ನುವುದಷ್ಟೇ ಇದೆ. ಇಡೀ ಬೆಟ್ಟದಲ್ಲಿ ಒಂದೇ ಶಾಸನ ಹುಡುಕುವಷ್ಟು ಸಮಯ ಇದ್ದರೆ ಇದನ್ನೇ ಹುಡುಕಿ.

ಅಚ್ಚಾದ ಸಂಪುಟದಲ್ಲಿ ಮೊದಲನೇ ನಂಬರಿನ ಶಾಸನ ಪಾರ್ಶ್ವನಾಥ ಬಸದಿಯ ಹತ್ತಿರದ ಬಂಡೆಯಲ್ಲಿದೆ. ಲಿಪಿ ಹಳೇ ಕನ್ನಡದ್ದು, ಭಾಷೆ ಸಂಸ್ಕೃತ. ಉಜ್ಜಯಿನಿಯಲ್ಲಿ ಹನ್ನೆರಡು ವರ್ಷದ ಬರ ಬರುತ್ತದೆ ಅಂತ ಜೈನ ಗುರು ಭದ್ರಬಾಹು ಮೊದಲೇ ಹೇಳಿದ್ದು, ಜೈನ ಸಂಘ ದಕ್ಷಿಣಕ್ಕೆ ಹೊರಟಿದ್ದು, ಪ್ರಭಾಚಂದ್ರ ಎಂಬ ಗುರು ಈ ಬೆಟ್ಟದಲ್ಲಿ ಕೊನೆಯುಸಿರೆಳೆದದ್ದು ಅದರಲ್ಲಿದೆ.

ಎಲ್ಲವೂ ಇಷ್ಟು ಗಂಭೀರ ಅಂದುಕೊಳ್ಳಬೇಡಿ. ಲಕ್ಕಿದೊಣೆಯ ಹತ್ತಿರ ಹೋದರೆ ಬಂಡೆ ತುಂಬ ಬರೀ ಹೆಸರುಗಳು. ಯಾತ್ರೆಗೆ ಬಂದವರು 9, 10ನೇ ಶತಮಾನದಲ್ಲಿ ಕೆತ್ತಿಸಿ ಹೋದದ್ದು. ಈಗ ನಾವು ಯಾರಾದರೂ ಹಾಗೆ ಮಾಡಿದರೆ ಬೈಯುತ್ತೇವೆ. ಸಾವಿರ ವರ್ಷ ಕಳೆದರೆ ಅದೇ ಇತಿಹಾಸ ಆಗುತ್ತೆ ನೋಡಿ!

ಹಳೆಗನ್ನಡ ಬರಲ್ಲ. ನಮಗೆ ಓದೋಕಾಗುತ್ತಾ?

ಪೂರ್ತಿ ಓದಲು ಅಭ್ಯಾಸ ಬೇಕು. ಒಂದೆರಡು ಅಕ್ಷರ ಗುರುತಿಸಲು ಬೇಡ. "ಕ" ಅಕ್ಷರ ಕೂಡುವ ಲೆಕ್ಕದ ಗುರುತಿನ ಹತ್ತಿರ ಇರುತ್ತದೆ. ತಲೆಕಟ್ಟು ಈಗಿನಷ್ಟು ಎದ್ದು ಕಾಣುವುದಿಲ್ಲ. ಒತ್ತಕ್ಷರ ಈಗಿನ ಹಾಗೆ ಕೆಳಗೇ ಬರುತ್ತದೆ, ಅದು ಹಿಡಿಯಲು ಸುಲಭ. ಒಂದು ಅಕ್ಷರ ಸಿಕ್ಕಿದ ಮೇಲೆ ಅದೇ ಸಾಲಿನಲ್ಲಿ ಮತ್ತೆ ಎಲ್ಲಿ ಬಂದಿದೆ ನೋಡಿ. ಮಕ್ಕಳು ಈ ಆಟ ನಮಗಿಂತ ಬೇಗ ಕಲಿಯುತ್ತಾರೆ.

ಮುಖ್ಯ ಸಂಗತಿ ಬೆಳಕು. ಬರಹಗಳು ಆಳವಾಗಿ ಕೆತ್ತಿದವಲ್ಲ, ಮಳೆ ಗಾಳಿಗೆ ಇನ್ನೂ ಸವೆದಿವೆ. ನಡು ಮಧ್ಯಾಹ್ನ ಹೋದರೆ ಬಂಡೆ ಬರೀ ಬೆಳ್ಳಗೆ ಹೊಳೆಯುತ್ತದೆ, ಒಂದಕ್ಷರವೂ ಕಾಣುವುದಿಲ್ಲ. ಬೆಳಿಗ್ಗೆ ಬಿಸಿಲು ಓರೆಯಾಗಿ ಬಿದ್ದಾಗ ಪ್ರತಿ ಗೀರಿನಲ್ಲೂ ನೆರಳು ಕೂರುತ್ತದೆ. ಆಗ ಕೂತು ನೋಡಬೇಕು. ನಿಂತರೆ ಕಾಣುವುದಿಲ್ಲ, ಬಗ್ಗಿದರೆ ನಿಮ್ಮ ನೆರಳೇ ಅಡ್ಡ ಬರುತ್ತದೆ. ಕೆಲವು ಶಾಸನಗಳಿಗೆ ಗಾಜಿನ ಮುಚ್ಚಿಗೆ ಹಾಕಿದ್ದಾರೆ. ಅಲ್ಲಿ ಪಕ್ಕಕ್ಕೆ ಸರಿದು ನೋಡಿದರೆ ಪ್ರತಿಬಿಂಬ ತಪ್ಪುತ್ತದೆ.

ಸೀಮೆಸುಣ್ಣ ತಿಕ್ಕುವುದು, ನೀರು ಹಾಕಿ ಉಜ್ಜುವುದು ಖಂಡಿತ ಬೇಡ. ಇವೆಲ್ಲ ರಕ್ಷಿತ ಸ್ಮಾರಕಗಳು. ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಅಂತ ಕಾನೂನಿದೆ.

ಊಟ ಬಿಟ್ಟು ಸಾಯೋದು ಆತ್ಮಹತ್ಯೆ ಅಲ್ವಾ?

ಜೊತೆಗೆ ಬಂದವರಲ್ಲಿ ಒಬ್ಬರಾದರೂ ಇದನ್ನು ಕೇಳುತ್ತಾರೆ. ಜೈನರು ಇದನ್ನು ಸಲ್ಲೇಖನ ಎನ್ನುತ್ತಾರೆ. ವಾಸಿಯಾಗದ ಕಾಯಿಲೆ, ತೀರಾ ಮುಪ್ಪು, ಬರಗಾಲ, ಹೀಗೆ ವ್ರತ ನಡೆಸಿಕೊಂಡು ಬದುಕುವುದು ಇನ್ನು ಸಾಧ್ಯವಿಲ್ಲ ಅನ್ನುವಾಗ, ಗುರುಗಳ ಒಪ್ಪಿಗೆ ಪಡೆದು, ಎಲ್ಲರ ಕ್ಷಮೆ ಕೇಳಿ, ನಿಧಾನವಾಗಿ ಆಹಾರ ಕಡಿಮೆ ಮಾಡುತ್ತಾ ಹೋಗುವುದು. ಬೇಸರದಿಂದಲೋ ಸಿಟ್ಟಿನಿಂದಲೋ ಮಾಡಿದರೆ ಅದು ಸಲ್ಲೇಖನ ಅಲ್ಲ ಅಂತ ಅವರ ಶಾಸ್ತ್ರವೇ ಹೇಳುತ್ತದೆ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. 2015ರಲ್ಲಿ ರಾಜಸ್ಥಾನ ಹೈಕೋರ್ಟ್ ಇದು ತಪ್ಪು ಅಂತ ತೀರ್ಪು ಕೊಟ್ಟಿತು. ಅದೇ ವರ್ಷ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಹಾಕಿತು.

ಬೆಟ್ಟದಲ್ಲಿ ಹೀಗೆ ಪ್ರಾಣ ಬಿಟ್ಟವರು ಮುನಿಗಳಷ್ಟೇ ಅಲ್ಲ. ರಾಷ್ಟ್ರಕೂಟರ ಕೊನೆಯ ಕುಡಿ ನಾಲ್ಕನೇ ಇಂದ್ರ 982ರಲ್ಲಿ ಇಲ್ಲೇ ತೀರಿಕೊಂಡ. ರಾಜ್ಯ ಆಗಲೇ ಕೈತಪ್ಪಿತ್ತು. ಅವನ ಶಾಸನ ಒಂದು ಕಂಬದ ಮೇಲಿದೆ. ಅದರಲ್ಲಿ ಅವನ ಚೆಂಡಾಟದ ಜಾಣ್ಮೆಯನ್ನು ಬಾಯ್ತುಂಬ ಹೊಗಳಿದ್ದಾರೆ. ಹೊಯ್ಸಳ ರಾಣಿ ಶಾಂತಲೆಯ ತಾಯಿ ಮಾಚಿಕಬ್ಬೆಯೂ ಬೆಳಗೊಳಕ್ಕೆ ಬಂದು ಉಪವಾಸ ಮಾಡಿಯೇ ಪ್ರಾಣ ಬಿಟ್ಟಳು. ಗಂಗರ ದೊರೆ ಮಾರಸಿಂಹ 974ರಲ್ಲಿ ತೀರಿಕೊಂಡದ್ದು ಬಂಕಾಪುರದಲ್ಲಿ. ಆದರೂ ಅವನ ನೆನಪಿನ ಕಂಬ ಇಲ್ಲಿದೆ. ಆವರಣದ ತೆಂಕಣ ಬಾಗಿಲ ಬಳಿ ಇರುವ ಕೂಗೆ ಬ್ರಹ್ಮದೇವರ ಕಂಬ ಅದೇ.

ಚಂದ್ರಗುಪ್ತ ಮೌರ್ಯ ನಿಜವಾಗ್ಲೂ ಇಲ್ಲಿಗೆ ಬಂದಿದ್ದನಾ?

ಜೈನ ಪರಂಪರೆ ಹೌದು ಎನ್ನುತ್ತದೆ. ರಾಜ್ಯ ಬಿಟ್ಟು, ಗುರು ಭದ್ರಬಾಹು ಜೊತೆ ಬಂದು, ಇಲ್ಲೇ ದೇಹ ಬಿಟ್ಟ ಅಂತ. ಇತಿಹಾಸಕಾರರಲ್ಲಿ ಒಮ್ಮತ ಇಲ್ಲ. ತೊಡಕು ಇರುವುದು ಕಾಲದ ಲೆಕ್ಕದಲ್ಲಿ. ಚಂದ್ರಗುಪ್ತ ಕ್ರಿಸ್ತಪೂರ್ವ 300ರ ಆಸುಪಾಸಿನವನು. ಬೆಟ್ಟದ ಮೊದಲ ಶಾಸನ ಅವನಿಗಿಂತ ಒಂಬೈನೂರು ವರ್ಷ ಆಮೇಲಿನದು, ಅದರಲ್ಲೂ ತೀರಿಕೊಂಡವನು ಪ್ರಭಾಚಂದ್ರ. ಭದ್ರಬಾಹು, ಚಂದ್ರಗುಪ್ತ ಇಬ್ಬರನ್ನೂ ಮುನಿಗಳ ಜೋಡಿಯಾಗಿ ಹೇಳುವ ಶಾಸನ ಸುಮಾರು 650ರದ್ದು. ನಮ್ಮ ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ದಂಡೆಯಲ್ಲಿ ಸಿಕ್ಕ ಸುಮಾರು 900ರ ಶಾಸನಗಳಲ್ಲೂ ಕಳ್ಬಪ್ಪು ಬೆಟ್ಟದ ನೆತ್ತಿಯಲ್ಲಿ ಇವರಿಬ್ಬರ ಪಾದದ ಗುರುತಿದೆ ಅಂತ ಬರೆದಿದೆ.

ನನ್ನ ಮಟ್ಟಿಗೆ ಹೇಳುವುದಾದರೆ, ಅವನು ಬಂದದ್ದಕ್ಕೆ ಅವನ ಕಾಲದ ಸಾಕ್ಷಿ ಇಲ್ಲ. ಬಂದಿದ್ದ ಅಂತ ಇಲ್ಲಿಯ ಜನ 7ನೇ ಶತಮಾನದಿಂದ ನಂಬಿಕೊಂಡು ಬಂದಿದ್ದಕ್ಕೆ ಕಲ್ಲಿನ ಸಾಕ್ಷಿಯೇ ಇದೆ. ಗೈಡುಗಳು ಅವನು ಬಂದೇ ಇದ್ದ ಅಂತ ಸಲೀಸಾಗಿ ಹೇಳಿಬಿಡುತ್ತಾರೆ. ಸುಮ್ನೆ ಜಗಳ ಆಡಬೇಡಿ.

ಬೆಟ್ಟದ ಮೇಲೆ ಜನ ವಾಸ ಇದ್ರಾ?

ಕೋಟೆ ಕೊತ್ತಲ, ಮನೆಮಠ ಇದ್ದ ಊರು ಇದಲ್ಲ. ಮೊದಮೊದಲು ಬಂದ ಮುನಿಗಳಿಗೆ ಗುಹೆ, ಬಂಡೆಯ ಮರೆ, ದೊಣೆಯ ನೀರು ಸಾಕಿತ್ತು. ಆಮೇಲೆ ಗಂಗರ ಕಾಲದಲ್ಲಿ ಕಲ್ಲಿನ ಬಸದಿಗಳು ಬಂದವು, ಹೊಯ್ಸಳರ ಕಾಲದಲ್ಲಿ ಇನ್ನೂ ಜಾಸ್ತಿಯಾದವು. ಜನ ನೆಲೆಸಿದ್ದು ಕೆಳಗೆ, ಕೊಳದ ಸುತ್ತ. ಬೆಟ್ಟದ ಬಡಗಣ ಮಗ್ಗುಲಿಗೆ ಜಿನನಾಥಪುರ ಅಂತ ಹಳ್ಳಿ ಇದೆ. ಅದನ್ನು ಕಟ್ಟಿಸಿದವನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ. ಅಲ್ಲಿಯ ಶಾಂತಿನಾಥ ಬಸದಿಯ ಹೊರಗೋಡೆಯ ಕೆತ್ತನೆ ಬೇಲೂರು, ಹಳೇಬೀಡು ನೋಡಿದವರಿಗೂ ಇಷ್ಟವಾಗುತ್ತದೆ. ಅಲ್ಲಿ ಜನಜಂಗುಳಿ ಇರುವುದಿಲ್ಲ.

ಬಸದಿಗಳು ತುಂಬಾ ಇವೆ. ಯಾವುದನ್ನು ಬಿಡಬಾರದು?

ಚಂದ್ರಗುಪ್ತ ಬಸದಿ. ಬೆಟ್ಟದಲ್ಲೇ ತೀರಾ ಚಿಕ್ಕದು. ಬಾಗಿಲ ಎರಡೂ ಪಕ್ಕ ಕಲ್ಲಿನ ಜಾಲಂಧ್ರಗಳಿವೆ, ಅಂದರೆ ತೂತು ಕೊರೆದ ಕಲ್ಲಿನ ಜಾಲರಿಗಳು. ಒಂದೊಂದರಲ್ಲಿ 45, ಒಟ್ಟು 90 ಪುಟ್ಟ ಚೌಕಗಳು. ಭದ್ರಬಾಹು, ಚಂದ್ರಗುಪ್ತರ ಕಥೆಯನ್ನು ಚೌಕಕ್ಕೊಂದು ದೃಶ್ಯದಂತೆ ಕೆತ್ತಿದ್ದಾರೆ. ಕೆತ್ತಿದ ದಾಸೋಜ ತನ್ನ ಹೆಸರನ್ನೂ ಹಾಕಿಕೊಂಡಿದ್ದಾನೆ. ಮೂಡಣ ಕಡೆಯ ಜಾಲಂಧ್ರದಲ್ಲಿ ಸಾಲುಗಳು ಹಿಂದುಮುಂದಾಗಿವೆ. ಯಾವುದೋ ಕಾಲದ ರಿಪೇರಿಯಲ್ಲಿ ತಪ್ಪಾಗಿ ಜೋಡಿಸಿರಬೇಕು. ಹಾಗಾಗಿ ಕಥೆ ಹಿಡಿಯಲಾಗದಿದ್ದರೆ ನಿಮ್ಮ ತಪ್ಪಲ್ಲ. ಒಳಗೆ ಕತ್ತಲೆ ಜಾಸ್ತಿ, ಸಣ್ಣ ಟಾರ್ಚ್ ಇರಲಿ.

ಪಕ್ಕದ್ದೇ ಕತ್ತಲೆ ಬಸದಿ. ಗಂಗರಾಜ ತನ್ನ ತಾಯಿ ಪೋಚವ್ವೆಗಾಗಿ 1118ರಲ್ಲಿ ಕಟ್ಟಿಸಿದ್ದು. ಅವನ ಹೆಂಡತಿ ಲಕ್ಷ್ಮಿ ಕಟ್ಟಿಸಿದ್ದು ಎರಡುಕಟ್ಟೆ ಬಸದಿ. ಅವನೇ ಕಟ್ಟಿಸಿದ್ದು ಶಾಸನ ಬಸದಿ. ಒಂದೇ ಮನೆಯವರದ್ದು ಮೂರು! ಚೋಳರನ್ನು ಓಡಿಸಿ ತಲಕಾಡನ್ನು ಗೆದ್ದುಕೊಟ್ಟವನೂ ಇದೇ ಗಂಗರಾಜ. ನಮ್ಮ ಟಿ. ನರಸೀಪುರ ತಾಲ್ಲೂಕಿನ ತಲಕಾಡೇ. ಆ ಗೆಲುವಿನ ಬೆನ್ನಿಗೇ ಈ ಬಸದಿಗಳು ಎದ್ದವು. ಕತ್ತಲೆ ಬಸದಿಯ ಮುಂದಿನ ಜಗಲಿಯನ್ನು ಆಮೇಲೆ ರಿಪೇರಿ ಮಾಡಿಸಿದವರು ಮೈಸೂರು ಅರಮನೆಯ ಹೆಣ್ಣುಮಕ್ಕಳು.

ಕಟ್ಟಡದ ಅಂದಕ್ಕೆ ಚಾವುಂಡರಾಯ ಬಸದಿ. ಗೋಡೆ ಕಂಬಗಳಲ್ಲಿ ಅಬ್ಬರ ಇಲ್ಲ. ಅಳತೆ ಮಾತ್ರ ಕಣ್ಣಿಗೆ ಹಿತ. ಮೇಲಂತಸ್ತು ಅವನ ಮಗ ಜಿನದೇವಣನದ್ದು, 995ರ ಸುಮಾರಿನದು. ಇನ್ನು ಶಾಂತಲೆ 1123ರಲ್ಲಿ ಕಟ್ಟಿಸಿದ ಸವತಿಗಂಧವಾರಣ ಬಸದಿ. ಸವತಿಯರ ಪಾಲಿಗೆ ಮದ್ದಾನೆ ಅನ್ನುವುದು ಅವಳ ಬಿರುದು. ಆ ಬಿರುದನ್ನೇ ಬಸದಿಗೆ ಇಟ್ಟಳಲ್ಲ, ಅವಳ ಗತ್ತು ಮೆಚ್ಚಬೇಕು.

ಉಳಿದವನ್ನು ಹಾಗೇ ನೋಡುತ್ತಾ ಹೋಗಿ.

ಮೈಸೂರಿನಿಂದ, ಮಂಡ್ಯದಿಂದ ಹೇಗೆ ಹೋಗೋದು?

ಮೈಸೂರಿನವರಿಗೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ಕಿಕ್ಕೇರಿ ದಾಟಿ ಹೋಗುವ ದಾರಿ ಅನುಕೂಲ. ಸುಮಾರು 85 ಕಿಲೋಮೀಟರ್. ಕಿಕ್ಕೇರಿಯಲ್ಲಿ 1171ರ ಬ್ರಹ್ಮೇಶ್ವರ ದೇವಸ್ಥಾನ ಇದೆ, ಕಾಫಿಗೆ ಇಳಿದಾಗ ಒಂದು ಸುತ್ತು ಹಾಕಿ. ಮಂಡ್ಯದವರು ನಾಗಮಂಗಲದ ಮೇಲೆ ಹೋಗಬಹುದು. ಬಸ್ಸಿನಲ್ಲಾದರೆ ಚನ್ನರಾಯಪಟ್ಟಣಕ್ಕೆ ಹೋಗಿ ಅಲ್ಲಿಂದ ಇನ್ನೊಂದು ಬಸ್ ಹಿಡಿಯುವುದು ಸುಲಭ. ರೈಲು ನಿಲ್ದಾಣ ಇದೆ, ಆದರೆ ಅದು ಬೆಂಗಳೂರು–ಹಾಸನ ಮಾರ್ಗದಲ್ಲಿ. ನಮಗೆ ಸುತ್ತು.

ಯಾವ ಕಾಲದಲ್ಲಿ, ಎಷ್ಟು ಹೊತ್ತಿಗೆ ಹೋಗಬೇಕು?

ಅಕ್ಟೋಬರಿನಿಂದ ಫೆಬ್ರವರಿವರೆಗೆ. ಬೆಳಿಗ್ಗೆ ಬೇಗ. ಮಾರ್ಚ್ ಆದ ಮೇಲೆ ಬಂಡೆ ಕಾದ ಹೆಂಚಾಗುತ್ತದೆ, ಮಳೆಯಲ್ಲಿ ಜಾರುತ್ತದೆ.

ಚಪ್ಪಲಿ ಹಾಕ್ಕೊಂಡು ಹತ್ತಬಹುದಾ? ಊಟ?

ಇಲ್ಲ, ಚಪ್ಪಲಿ ಕೆಳಗೇ ಬಿಡಬೇಕು. ದಪ್ಪ ಕಾಲುಚೀಲ ತನ್ನಿ, ಅಲ್ಲೂ ಮಾರುತ್ತಾರೆ. ಚರ್ಮದ ಬೆಲ್ಟು, ಬ್ಯಾಗು ಗಾಡಿಯಲ್ಲೇ ಇರಲಿ. ನೀರು ಬಿಟ್ಟು ಬೇರೇನೂ ಮೇಲಕ್ಕೆ ಒಯ್ಯಬೇಡಿ. ತಿನ್ನುವುದು, ಹರಟುವುದು ಎಲ್ಲ ಕೆಳಗೆ ಬಂದ ಮೇಲೆ. ಇದು ಜನ ಪ್ರಾಣ ಬಿಡಲು ಆರಿಸಿಕೊಂಡಿದ್ದ ಜಾಗ, ಈಗಲೂ ಪೂಜೆ ನಡೆಯುವ ಜಾಗ. ದಿಗಂಬರ ಮುನಿಗಳು ಎದುರಾದರೆ ಪಕ್ಕಕ್ಕೆ ಸರಿದು ದಾರಿ ಬಿಡಿ. ದಯವಿಟ್ಟು ಮೊಬೈಲ್ ಎತ್ತಬೇಡಿ.

ಊರಿನಲ್ಲಿ ಜೈನ ಊಟ ಸಿಗುತ್ತದೆ. ಈರುಳ್ಳಿ ಬೆಳ್ಳುಳ್ಳಿ ಇರುವುದಿಲ್ಲ. ಜೈನರು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ಹಾಗಾಗಿ ರಾತ್ರಿ ಊಟಕ್ಕೆ ಅಂತ ಅಲ್ಲಿ ಕಾಯಬೇಡಿ.

ವಯಸ್ಸಾದವರು ಹತ್ತಬಹುದಾ?

ಚಿಕ್ಕಬೆಟ್ಟ ಹತ್ತಬಹುದು. ಸುಮಾರು 200 ಮೆಟ್ಟಿಲು, ಅಲ್ಲಲ್ಲಿ ಕೂತು ಹತ್ತಿದರೆ ಆಯಿತು. ದೊಡ್ಡಬೆಟ್ಟಕ್ಕೆ 600ಕ್ಕೂ ಜಾಸ್ತಿ, ಏರೂ ಕಡಿದು. ಅಲ್ಲಿ ಡೋಲಿ ಸಿಗುತ್ತದೆ. ಅಜ್ಜಿ ತಾತ ಗೊಮ್ಮಟನನ್ನು ನೋಡಲೇಬೇಕು ಅಂದರೆ ಡೋಲಿಯವರ ಜೊತೆ ಮೊದಲೇ ಮಾತಾಡಿಕೊಳ್ಳಿ.

ಒಂದೇ ದಿನ ಎರಡೂ ಬೆಟ್ಟ ಆಗುತ್ತಾ?

ಆಗುತ್ತದೆ, ಆದರೆ ಚಿಕ್ಕಬೆಟ್ಟ ಮೊದಲು. ಉಲ್ಟಾ ಮಾಡಿದರೆ ಚಿಕ್ಕಬೆಟ್ಟಕ್ಕೆ ಬರುವಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದಿರುತ್ತಾನೆ, ಕಾಲು ಸೋತಿರುತ್ತದೆ, ಶಾಸನವೂ ಕಾಣುವುದಿಲ್ಲ. ಬೆಳಿಗ್ಗೆ ಎರಡು ಮೂರು ಗಂಟೆ ಚಿಕ್ಕಬೆಟ್ಟ, ಆಮೇಲೆ ಊಟ, ನೆರಳಲ್ಲಿ ಸ್ವಲ್ಪ ಹೊತ್ತು, ಬಿಸಿಲು ಇಳಿದ ಮೇಲೆ ದೊಡ್ಡಬೆಟ್ಟ. ಚಿಕ್ಕಬೆಟ್ಟದಲ್ಲಿ ಆವರಣದ ಮೂಡಣ ದಿಕ್ಕಿಗಿರುವ ಲಕ್ಕಿದೊಣೆಗೂ ಟೈಮ್ ಇಟ್ಟುಕೊಳ್ಳಿ.

ಕಂಬದಹಳ್ಳಿ ಸೇರಿಸಿಕೊಳ್ಳಬಹುದಾ?

ಮಂಡ್ಯದವರು ಸೇರಿಸಿಕೊಳ್ಳಲೇಬೇಕು. ಅದು ನಮ್ಮ ನಾಗಮಂಗಲ ತಾಲ್ಲೂಕಿನದ್ದೇ, ಶ್ರವಣಬೆಳಗೊಳದಿಂದ 18 ಕಿಲೋಮೀಟರ್ ಆಸುಪಾಸು. ಗಂಗರ ಕಾಲದ ಪಂಚಕೂಟ ಬಸದಿ, ಅಂದರೆ ಐದು ಗುಡಿ ಕೂಡಿದ ಬಸದಿ ಅಲ್ಲಿದೆ. ಎದುರಿಗೆ ಎತ್ತರದ ಕಲ್ಲು ಕಂಬ, ತುದಿಯಲ್ಲಿ ಬ್ರಹ್ಮಯಕ್ಷ ಕೂತಿದ್ದಾನೆ. ಗುಡಿಗಳ ಶಿಖರಗಳನ್ನು ಒಂದರ ಪಕ್ಕ ಒಂದು ನೋಡಿ, ಆಕಾರ ಒಂದೇ ಥರ ಇಲ್ಲ. ಒಳಗೆ ಚಾವಣಿಯಲ್ಲಿ ನಡುವೆ ಜಿನ, ಸುತ್ತ ಎಂಟು ದಿಕ್ಪಾಲಕರು. ಕತ್ತು ನೋಯುವವರೆಗೂ ನೋಡಬಹುದು. ಚಿಕ್ಕಬೆಟ್ಟದಲ್ಲಿ ಕೆಳಗೆ ನೋಡಿ ನೋಡಿ ಬಗ್ಗಿದ ಕತ್ತಿಗೆ ಒಳ್ಳೇ ಮದ್ದು! ಮೈಸೂರಿನಿಂದ ಒಂದೇ ದಿನಕ್ಕೆ ಎರಡು ಬೆಟ್ಟದ ಜೊತೆ ಇದನ್ನೂ ತುರುಕಿದರೆ ಯಾವುದೂ ನೆಟ್ಟಗೆ ಆಗಲ್ಲ. ದೊಡ್ಡಬೆಟ್ಟ ಮೊದಲೇ ನೋಡಿದ್ದರೆ ಅದನ್ನು ಬಿಟ್ಟು ಇಲ್ಲಿಗೆ ಬನ್ನಿ.

ಮಹಾಮಸ್ತಕಾಭಿಷೇಕಕ್ಕೆ ಹೋದಾಗಲೇ ನೋಡಿಬಿಟ್ಟರೆ?

ಬೇಡ. ಅದು ಸುಮಾರು 12 ವರ್ಷಕ್ಕೊಮ್ಮೆ ನಡೆಯುವುದು, ಕೊನೆಯದು 2018ರಲ್ಲಿ ಆಯಿತು. ಆಗ ಊರಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಜಾತ್ರೆಗೆ ಜಾತ್ರೆಯಾಗಿಯೇ ಹೋಗಿ, ಶಾಸನಕ್ಕೆ ಯಾವುದಾದರೂ ಬುಧವಾರ ಹೋಗಿ.

ಫೋಟೋ ತೆಗೀಬಹುದಾ?

ಹೊರಗೆ ಮೊಬೈಲಿನಲ್ಲಿ ತೆಗೆಯಿರಿ. ಗರ್ಭಗುಡಿಯ ಒಳಗೆ ಅಲ್ಲಿದ್ದವರನ್ನು ಕೇಳಿ. ಟ್ರೈಪಾಡ್, ಡ್ರೋನ್‌ಗೆ ಮೊದಲೇ ಅನುಮತಿ ಬೇಕು.

ಹೋಗೋ ಮುಂಚೆ ಏನು ಓದಬೇಕು?

ಈ ಶಾಸನಗಳನ್ನು ಮೊದಲು ಸೇರಿಸಿ 1889ರಲ್ಲಿ ಅಚ್ಚು ಹಾಕಿಸಿದವರು ಬಿ.ಎಲ್. ರೈಸ್. ಆಗ ಸಿಕ್ಕಿದ್ದವು 144. 1923ರಲ್ಲಿ ಆರ್. ನರಸಿಂಹಾಚಾರ್ ಅದನ್ನು 500ಕ್ಕೆ ಏರಿಸಿದರು. 1973ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 573 ಶಾಸನಗಳ ಹೊಸ ಸಂಪುಟ ತಂದಿತು. ಅದು ಎಪಿಗ್ರಾಫಿಯ ಕರ್ನಾಟಿಕ ಎಂಬ ಶಾಸನ ಸಂಪುಟಗಳ ಮಾಲೆಯಲ್ಲಿ ಎರಡನೆಯದು. ಪಠ್ಯ ಕನ್ನಡ ಲಿಪಿಯಲ್ಲೇ ಇದೆ. ಮೈಸೂರಿನವರಿಗೆ ಇದನ್ನು ನೋಡುವುದು ಕಷ್ಟ ಅಲ್ಲ, ಮಾನಸಗಂಗೋತ್ರಿಯ ಕಡೆ ಒಂದು ಬೆಳಿಗ್ಗೆ ಹೋದರೆ ಸಾಕು. ಮೆಚ್ಚಿದ ನಾಲ್ಕೈದು ಶಾಸನಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಯಾವ ಬಸದಿಯ ಯಾವ ಮಗ್ಗುಲಲ್ಲಿದೆ ಅನ್ನುವುದನ್ನೂ ಸಂಪುಟ ಹೇಳುತ್ತದೆ, ಅದನ್ನೂ ಸೇರಿಸಿ ಬರೆಯಿರಿ. ನಂಬರ್ ಬರೆಯುವಾಗ ಯಾವ ವರ್ಷದ ಸಂಪುಟದ್ದು ಅಂತ ಪಕ್ಕದಲ್ಲಿ ಹಾಕಿಕೊಳ್ಳಿ. ಮೂರು ಸಂಪುಟಗಳಲ್ಲೂ ನಂಬರ್ ಹೆಚ್ಚಾಗಿ ಬೇರೆ ಬೇರೆ.